ಕುದುರೆಯ ಹಣೆಗೆ ಭಂಡಾರ

ಚಹಾದ ಕಪ್ಪನ್ನು ಬಾಗಿಲ ಪಕ್ಕದ ಕಿಟಕಿಯ ಹಲಗೆಯ ಮೇಲಿಟ್ಟು, ಅಂಕಿತಾ ಗ್ಯಾರೇಜಿನ ದೀಪ ಹಾಕಿದಳು. ಕುದುರೆ ಹಣೆಗೆ ಅರಿಶಿನ ಹಚ್ಚಿಕೊಂಡು ನಿಂತಿತ್ತು.

ನಿನ್ನೆ ಸಂಜೆ ಚಿತ್ರಕ್ಕೆ ಬಟ್ಟೆ ಮುಚ್ಚಿ ಹೋಗುವಾಗ ಆ ಕುದುರೆ ಹಾಲಿನ ಹಾಗಿತ್ತು. ಈಗ ಬಟ್ಟೆಯನ್ನು ಯಾರೋ ಮಡಿಸಿ ಕುರ್ಚಿಯ ಮೇಲೆ ಇಟ್ಟಿದ್ದಾರೆ. ಕುದುರೆಯ ಹಣೆಯ ಮೇಲೆ ಬೆರಳ ತುದಿಯಗಲದ ಹಳದಿ, ಸವಾರನ ಟೋಪಿಯ ಮೇಲೆ ಹುಡಿ, ಕಾಲ ಬಳಿಯ ಪುಟ್ಟ ನಾಯಿಯ ಮೇಲೂ ಹುಡಿ. ಚಿತ್ರ ನಿಲ್ಲಿಸಿದ ಈಸೆಲ್‌ನ ಬುಡದಲ್ಲಿ ಹಿತ್ತಲಿನ ಎರಡು ಗುಲಾಬಿ. ಅದರ ಪಕ್ಕದಲ್ಲಿ, ಬೆಂಕಿ ಕಂಡರೆ ಭುಗ್ಗೆನ್ನುವ ಸ್ಪಿರಿಟ್ ಶೀಷೆಗಳಿಗೆ ಮೊಳ ದೂರದಲ್ಲಿ, ಊದಿನಕಡ್ಡಿ ಉರಿದು ಬಿದ್ದ ಬೂದಿ! ಮನೆ ಸುಟ್ಟುಹೋಗಲಿಲ್ಲವಲ್ಲ, ಅದೇ ದೊಡ್ಡದು.

ಯಾರ ಕೆಲಸವೆಂದು ಕೇಳಬೇಕಾಗಿರಲಿಲ್ಲ. ಲಂಡನ್ನಿನ ಕೆಂಟನ್‌ನ ಆ ಮನೆಯಲ್ಲಿದ್ದವರು ಮೂರೇ ಜನ. ಅಂಕಿತಾ, ಗಂಡ ನಿತೀಶ, ಅತ್ತೆ ಗುರುದೇವಿ. ನಿತೀಶನಿಗೆ ದೇವರೂ ಬೇಡ, ಅರಿಶಿನದ ಭಂಡಾರವೂ ಬೇಡ. ಭಾನುವಾರವೆಂದರೆ ಅವನಿಗೆ ಓಟದ ಬೂಟು.

ಆ ಚಿತ್ರವಾದರೂ ತಮ್ಮದಾಗಿದ್ದರೆ ಒಂದು ಮಾತು. ಅದು ಹತ್ತಿರದ ಪಿನ್ನರ್‌ನ ರೋಸ್‌ಮೇರಿ ಹ್ಯಾಡನ್ ಎಂಬ ಹೆಂಗಸಿನದು. ಅವಳ ಮುತ್ತಜ್ಜ ಅಮೆರಿಕದ ಪಶ್ಚಿಮದ ಬೆಟ್ಟಗಳಲ್ಲಿ ರೈಲುಹಳಿ ಹಾಕಿಸುತ್ತಿದ್ದನಂತೆ. ಸುಮಾರು ನೂರೈವತ್ತು ವರ್ಷದ ಹಿಂದೆ ಅಲ್ಲಿಯ ಯಾವನೋ ಕಲಾವಿದ ಬರೆದದ್ದನ್ನು ತಂದು ತನ್ನ ಮನೆಯ ಬೆಂಕಿಗೂಡಿನ ಮೇಲೆ ನೇತುಹಾಕಿದ. ಅಂದಿನಿಂದ ಇದ್ದಿಲ ಹೊಗೆ, ಸಿಗರೇಟಿನ ಹೊಗೆ, ಹಳೆಯ ವಾರ್ನಿಶಿನ ಕಂದು ಎಲ್ಲ ಸೇರಿ, ಅಂಕಿತಾಳ ಕೈಗೆ ಬಂದಾಗ ಚಿತ್ರ ಹಳೆ ಹುಣಸೆಹಣ್ಣಿನ ಬಣ್ಣಕ್ಕೆ ತಿರುಗಿತ್ತು. ಬೆಟ್ಟಗಳಿವೆ, ಬೆಟ್ಟದ ಅಂಚಿನ ದಾರಿಯಲ್ಲಿ ಕುದುರೆ ಸವಾರನೊಬ್ಬನಿದ್ದಾನೆ ಎಂಬುದಷ್ಟೇ ಕಾಣುತ್ತಿತ್ತು. ಅವಳು ಚಳಿಗಾಲವೆಲ್ಲ ಕೂತು ಆ ಕೊಳೆಯನ್ನು ಅಂಗುಲ ಅಂಗುಲವಾಗಿ ತೆಗೆದಳು. ಒಳಗಿನಿಂದ ಸಂಜೆಯ ಆಕಾಶ ಬಂತು, ಹಿಮ ಬಂತು, ಕಂದು ಕುದುರೆ ಬಿಳಿ ಕುದುರೆಯಾಯಿತು.

ಸ್ಟ್ರಾಟ್‌ಫರ್ಡ್‌ನಲ್ಲಿ ಬೇರೆಯವರ ಸ್ಟುಡಿಯೋದಲ್ಲಿ ವರ್ಷಗಟ್ಟಲೆ ದುಡಿದು, ಅವರ ಹೆಸರಿನಲ್ಲಿ ಹಾಳಾದ ಹಳೆಯ ಚಿತ್ರಗಳಿಗೆ ಜೀವ ಕೊಟ್ಟು ಸಾಕಾಗಿ, ಕೆಲಸ ಬಿಟ್ಟು ಹಿತ್ತಲಿನ ಗ್ಯಾರೇಜಿನಲ್ಲಿ ತನ್ನದೇ ಅಂಗಡಿ ಹೂಡಿದವಳು ಅಂಕಿತಾ. ಇದು ಸ್ವಂತ ಹೆಸರಿನ ಮೊದಲ ದೊಡ್ಡ ಕೆಲಸ. ಒಂದು ಮ್ಯೂಸಿಯಂ ಈ ಚಿತ್ರವನ್ನು ಪ್ರದರ್ಶನಕ್ಕೆ ಕೇಳಿತ್ತು. ಕೆಲಸ ಚೆನ್ನಾಗಿದ್ದರೆ ಮುಂದೆ ತಮ್ಮ ಚಿತ್ರಗಳನ್ನೂ ಅವಳಿಗೇ ಕಳಿಸುವುದಾಗಿ ರೋಸ್‌ಮೇರಿಯ ಮೂಲಕ ಹೇಳಿಯೂ ಇತ್ತು. ಈ ಕಸುಬಿನಲ್ಲಿ ಹೆಸರೇ ಎಲ್ಲ. ಒಬ್ಬರು ಇನ್ನೊಬ್ಬರ ಕಿವಿಯಲ್ಲಿ ಹೇಳಿದರೆ ಕೆಲಸ ಬರುತ್ತದೆ, ಹಾಗೆಯೇ ಒಬ್ಬರು ಇನ್ನೊಬ್ಬರ ಕಿವಿಯಲ್ಲಿ ಹೇಳಿದರೆ ಬಾಗಿಲು ಮುಚ್ಚುತ್ತದೆ. ಇವತ್ತು ಮಧ್ಯಾಹ್ನ ರೋಸ್‌ಮೇರಿ ಬಂದು ನೋಡಿ ಹೂಂ ಎಂದರೆ ಹೊಸ ವಾರ್ನಿಶ್ ಬಳಿಯುವುದು, ಆಮೇಲೆ ಮ್ಯೂಸಿಯಂಗೆ ಸಾಗಿಸುವುದು. ವಾರ್ನಿಶ್ ಇಲ್ಲದ ಬಣ್ಣವೆಂದರೆ ಚರ್ಮ ಸುಲಿದ ಮೈ. ಸರಿಯಾಗಿ ಅಂಥ ಹೊತ್ತು ನೋಡಿ ಅರಿಶಿನ!

ಅಂಕಿತಾ ಹಿತ್ತಲು ದಾಟಿ ಅಡುಗೆಮನೆಗೆ ನುಗ್ಗಿದಳು. ಗುರುದೇವಿ ತಲೆಗೆ ಎರೆದುಕೊಂಡು, ಒದ್ದೆ ಕೂದಲಿನ ತುದಿಗೆ ಗಂಟು ಹಾಕಿ, ಗೋಧಿ ಹುಗ್ಗಿ ತಿರುವುತ್ತಿದ್ದಳು.

“ಅತ್ತೀ, ಗ್ಯಾರೇಜಿಗೆ ಹೋಗಿದ್ರೇನು?”

“ಹೋಗಿದ್ನಲ್ಲ. ಐತವಾರ ಐತಿ. ಜಳಕಾ ಮಾಡಿ, ಮಡಿ ಉಟ್ಟು ಹೋಗಿದ್ನಿ.”

“ಅದು ನಮ್ಮದಲ್ರಿ! ಮಂದಿ ವಸ್ತು! ಮಂದಿ ವಸ್ತೂಗೆ ಭಂಡಾರ ಹಚ್ಚೋದಾ?”

“ಮಂದಿ ವಸ್ತೂಗೆ ಎಂಜಲಾ ಹಚ್ಚಬಹುದೇನು?” ಎಂದಳು ಗುರುದೇವಿ, ಸೌಟು ನಿಲ್ಲಿಸದೆ.

ಇಲ್ಲಿ ಎರಡು ಸಂಗತಿ ಹೇಳಲೇಬೇಕು. ಹಳೆಯ ಚಿತ್ರದ ಮೇಲಿನ ಕೊಳೆ ತೆಗೆಯಲು ಉಗುಳಿಗಿಂತ ಮೆತ್ತಗಿನ ಔಷಧ ಇನ್ನೊಂದಿಲ್ಲ. ಇದು ತಮಾಷೆಯಲ್ಲ. ದೊಡ್ಡ ದೊಡ್ಡ ಮ್ಯೂಸಿಯಂಗಳಲ್ಲೂ ಹತ್ತಿ ಸುತ್ತಿದ ಕಡ್ಡಿಯನ್ನು ನಾಲಿಗೆಗೆ ತಾಗಿಸಿ, ಬಣ್ಣದ ಮೇಲೆ ಮೆಲ್ಲಗೆ ಹೊರಳಿಸಿ, ಶುದ್ಧ ನೀರಿನಿಂದ ಒರೆಸುತ್ತಾರೆ. ಇನ್ನು ಗುರುದೇವಿಯೋ, ಲೋಟವನ್ನು ತುಟಿಗೆ ತಾಗಿಸದೆ ನೀರು ಕುಡಿಯುವವಳು. ರುಚಿ ನೋಡಿದ ಸೌಟನ್ನು ಯಾರಾದರೂ ಮತ್ತೆ ಪಾತ್ರೆಗೆ ಅದ್ದಿದರೆ ಆ ಸಾರು ಸಿಂಕಿಗೆ ಹೋಗುತ್ತದೆ. ಹೆತ್ತ ಮಗ ಕಚ್ಚಿದ ಸೇಬನ್ನೂ ಅವಳು ಮುಟ್ಟಿದವಳಲ್ಲ. ಈ ಇಬ್ಬರು ಒಂದೇ ಸೂರಿನಡಿ ಇಷ್ಟು ವರ್ಷ ಜಗಳವಿಲ್ಲದೆ ಇದ್ದದ್ದೇ ಆಶ್ಚರ್ಯ.

“ಅದು ಎಂಜಲಲ್ರಿ ಅತ್ತಿ, ಕೆಲಸ. ಕುದರಿ ಮ್ಯಾಲಿನಾವ ಯಾರೋ ಅಮೆರಿಕಾದಾವ. ದೇವರಲ್ಲ.”

ಗುರುದೇವಿ ಒಲೆ ಆರಿಸಿ ತಿರುಗಿ ನಿಂತಳು. “ನಾ ಏನ್ ಹುಚ್ಚಿ ಅಂತ ತಿಳದೀಯೇನು? ಅವನ ತಲಿ ಮ್ಯಾಲೆ ಟೊಪ್ಪಿಗಿ ಐತಿ, ಕಾಲಾಗ ಬೂಟ ಅದಾವು. ನನಗೂ ಕಣ್ಣ ಅದಾವು. ಮೊನ್ನಿ ನನ್ನ ಕೂಗಿ ಕರದಾಕಿ ಯಾರು? ‘ಅತ್ತೀ ಬರ್ರಿ, ಬಿಳಿ ಕುದರಿ, ಗುಡ್ಡ, ಈಗ ನಾಯೀನೂ ಬಂತು, ನಿಮ್ಮ ಗುಡ್ಡದಯ್ಯ ಕೆಂಟನ್‌ಗೆ ಬಂದಾನ’ ಅಂದಾಕಿ ಯಾರು? ನಾನಾ?”

ಅಂದದ್ದು ಹೌದು. ಮೊನ್ನೆ ಕಂದು ಕೊಳೆಯ ಅಡಿಯಿಂದ, ಕುದುರೆಯ ಹಿಂಗಾಲಿನ ಹತ್ತಿರ, ಯಾರಿಗೂ ಗೊತ್ತಿಲ್ಲದ ಒಂದು ಪುಟ್ಟ ನಾಯಿ ಎದ್ದು ಬಂದಾಗ ಅಂಕಿತಾಳಿಗೆ ಕುಣಿಯುವಷ್ಟು ಖುಷಿಯಾಗಿತ್ತು. ಆ ಖುಷಿಯಲ್ಲಿ ನಾಲಿಗೆ ಜಾರಿತು. ಗುರುದೇವಿಯ ಮನೆದೇವರು ದೇವರಗುಡ್ಡದ ಮೈಲಾರ. ಬಿಳಿ ಕುದುರೆ ಏರಿ, ನಾಯಿ ಕಟ್ಟಿಕೊಂಡು ಗುಡ್ಡದಿಂದ ಇಳಿದು ಬರುವ ದೇವರು. ಭಾನುವಾರ ಅವನ ದಿನ; ಭಂಡಾರ, ಅಂದರೆ ಅರಿಶಿನದ ಹುಡಿಯೇ, ಅವನ ಪ್ರಸಾದ. ಲಂಡನ್ನಿಗೆ ಬಂದ ಮೇಲೆ ಆ ಗುಡ್ಡ ಹತ್ತುವುದು ಅತ್ತೆಗೆ ಆಗಿಲ್ಲವೆಂಬುದು ಅಂಕಿತಾಳಿಗೆ ಗೊತ್ತಿತ್ತು. ಗೊತ್ತಿದ್ದೂ ತಮಾಷೆ ಮಾಡಿದಳು. ಅತ್ತೆ ಚಿತ್ರದ ಮುಂದೆ ಕೈ ಮುಗಿದದ್ದನ್ನೂ ನೋಡಿದಳು. ಆಮೇಲೆ ಅವಳ ಕಣ್ಣೆದುರಿಗೇ ಕಡ್ಡಿಯನ್ನು ನಾಲಿಗೆಗೆ ತಾಗಿಸಿ ಸವಾರನ ಮುಖ ಒರೆಸಿದಳು.

“ಕರದು, ಕೈ ಮುಗಿಸಿ, ಅದಽ ಮಾರಿಗೆ ಎಂಜಲಾ ಹಚ್ಚಿದಿ. ನಾ ಕಣ್ಣ ಮುಚ್ಕೊಂಡು ಕುಂಡ್ರಬೇಕಿತ್ತೇನು? ಅವ ಯಾವ ರೂಪದಾಗ ಬರ್ತಾನೋ ಯಾರು ಬಲ್ಲರು. ಮೈಲಿಗಿ ಆತು, ಭಂಡಾರ ಹಚ್ಚಿ ತಪ್ಪಾತು ಅಂತ ಬೇಡ್ಕೊಂಡು ಬಂದೆ. ನಿನ್ನ ಸಲುವಾಗೂ ಬೇಡ್ಕೊಂಡೆ.”

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಂಕಿತಾಳಿಗೆ ಸಿಟ್ಟು, ನಾಚಿಕೆ ಎರಡೂ ಒಟ್ಟಿಗೆ ಬಂದವು. ಸಿಟ್ಟು ತೀರಿಸಿಕೊಳ್ಳಲು ಪುರುಸೊತ್ತಿರಲಿಲ್ಲ. “ಹಚ್ಚುವಾಗ ಬೆರಳು ಒದ್ದಿ ಮಾಡ್ಕೊಂಡಿದ್ರೇನು?” ಎಂದು ಮಾತ್ರ ಕೇಳಿದಳು.

“ಕುದರಿ ಹಣಿಗೆ ಒಣ ಭಂಡಾರ ನಿಲ್ಲಲಿಲ್ಲ. ಒಂದು ಹನಿ ನೀರಾಗ ಕಲಸಿ ಹಚ್ಚಿದೆ.”

ಒಣ ಹುಡಿಯನ್ನು ಉದುರಿಸಬಹುದು. ಒದ್ದೆ ಅರಿಶಿನ ಹಳೆಯ ಬಣ್ಣದ ಬಿರುಕಿಗೆ ಇಳಿದರೆ ಇಳಿದದ್ದೇ.

ಅಂಕಿತಾ ಗ್ಯಾರೇಜಿಗೆ ಓಡಿ ಬಂದು ದೀಪವನ್ನು ಹತ್ತಿರಕ್ಕೆಳೆದುಕೊಂಡು, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂತಳು. ಅಳಿಲಿನ ಕೂದಲಿನ ಕುಂಚದಿಂದ ಮೊದಲು ಟೋಪಿಯ ಹುಡಿ, ಆಮೇಲೆ ನಾಯಿಯದು. ಅವೆರಡೂ ದೇವರ ದಯದಿಂದ ಹೋದವು. ಯಾವ ದೇವರ ದಯವೋ! ಕುದುರೆಯ ಹಣೆಗೆ ಬಂದಾಗ ಕುಂಚ ಸೋತಿತು. ಶುದ್ಧ ನೀರಿನ ಹತ್ತಿ ಹೊರಳಿಸಿದಳು. ಹತ್ತಿ ಹಳದಿಯಾಯಿತು, ಹಣೆಯೂ ಹಳದಿಯಾಗಿಯೇ ಇತ್ತು.

ಓಟ ಮುಗಿಸಿ ಬೆವರಿಳಿಸುತ್ತ ಬಂದ ನಿತೀಶ ಬಾಗಿಲಲ್ಲೇ ನಿಂತು ಎಲ್ಲ ಕೇಳಿದ. “ಸೋಪಿನ ನೀರು ಹಚ್ಚಿ ನೋಡು.”

“ಹಚ್ಚು! ಅರಿಷಿಣಕ್ಕ ಸೋಪು ಹತ್ತಿದರ ಕೆಂಪಾಗ್ತೈತಿ, ಗೊತ್ತಿಲ್ಲ? ಕುದರಿ ಹಣಿ ಒಡದು ರಕ್ತ ಬಂದಂಗ ಕಾಣ್ಲಿ!”

“ಹಂಗಾರ ಬಿಸಿಲಿಗೆ ಇಡು. ಅವ್ವ ನನ್ನ ಅಂಗಿ ಮ್ಯಾಲಿನ ಅರಿಷಿಣ ಕಲಿ ಬಿಸಿಲಿಗೆ ಹಾಕೇ ತಗೀತಿದ್ಲು.”

“ಇದು ನಿನ್ನ ಅಂಗಿ ಅಲ್ಲ ನಿತೀಶ. ಎಲ್ಲೈತಿ ಬಿಸಿಲು?”

ಹೊರಗೆ ಲಂಡನ್ನಿನ ಆಕಾಶ ಪಾತ್ರೆ ತೊಳೆದ ನೀರಿನ ಹಾಗೆ ಕೂತಿತ್ತು. ಆಗಲೇ ಗುರುದೇವಿಯೂ ಬಂದು ನಿತೀಶನ ಹಿಂದೆ ನಿಂತಳು. ಸೊಸೆಯ ಕಾಲ ಬಳಿ ಬಿದ್ದ ಹಳದಿ ಹತ್ತಿಗಳನ್ನು ಕಂಡ ಮೇಲೆ ಅವಳ ಮುಖದ ಬಿಗುವು ಸಡಿಲಿತ್ತು. “ಭಾಳ ಕೆಟ್ಟೈತೇನು?” ಎಂದು ಮಗನನ್ನು ಕೇಳಿದಳು. “ಆಕಿ ಕೆಲಸಾನ ಹೋಗ್ತೈತಿ ಯವ್ವಾ” ಎಂದ ನಿತೀಶ. ಮೆಲ್ಲಗೆ ಹೇಳಬೇಕೆಂಬ ಬುದ್ಧಿ ಅವನಿಗೆ ಹುಟ್ಟಿನಿಂದಲೇ ಇಲ್ಲ.

ಉಳಿದದ್ದು ಒಂದೇ ದಾರಿ. ಅಂಕಿತಾ ಹೊಸ ಕಡ್ಡಿಗೆ ಹತ್ತಿ ಸುತ್ತಿದಳು. ತುಟಿಯ ತನಕ ತಂದು ತಡೆದಳು. ಬೆನ್ನ ಹಿಂದೆ ಅತ್ತೆಯ ಉಸಿರು ಕೇಳುತ್ತಿತ್ತು. ತಿರುಗಿ ನೋಡಿದಾಗ ಗುರುದೇವಿ ಗೋಡೆಯ ಕಡೆ ಮುಖ ಮಾಡಿ ನಿಂತಿದ್ದಳು. ಹೊರಗೆ ಹೋಗಲಿಲ್ಲ, ಬೈಯಲಿಲ್ಲ. ಅಂಕಿತಾ ಕಡ್ಡಿಯನ್ನು ನಾಲಿಗೆಗೆ ತಾಗಿಸಿ ಕುದುರೆಯ ಹಣೆಗೆ ಹಚ್ಚಿದಳು.

ಒಂದು ಕಡ್ಡಿ ಹೋಯಿತು, ಹತ್ತು ಹೋದವು, ಕಸದ ತೊಟ್ಟಿ ತುಂಬಿತು. ಬಾಯಲ್ಲಿನ ಪಸೆಯೇ ಆರಿತು. ಹಳದಿ ಇಳಿಯುತ್ತ ಇಳಿಯುತ್ತ ಬಂದು ಒಂದು ಕಡೆ ನಿಂತುಬಿಟ್ಟಿತು. ಕೂದಲೆಳೆಗಿಂತ ಸಣ್ಣ ಬಿರುಕುಗಳೊಳಗೆ ಕೂತ ಬಣ್ಣ ಅದು. ಇನ್ನು ಉಜ್ಜಿದರೆ ಅರಿಶಿನದ ಜೊತೆಗೆ ಕಲಾವಿದನ ಬಿಳಿಯೂ ಬಂದುಬಿಡುತ್ತದೆ. ಸ್ಪಿರಿಟ್ ಹಚ್ಚಿದರೆ ಹಳದಿ ಕರಗಿ ಇಡೀ ಮುಖಕ್ಕೆ ಹಬ್ಬುತ್ತದೆ. ಅವಳು ಕೈ ಹಿಂದಕ್ಕೆ ತೆಗೆದುಕೊಂಡಳು.

ಭೂತಗನ್ನಡಿ ತೆಗೆದು ನಾಲ್ಕು ಹೆಜ್ಜೆ ಹಿಂದೆ ಸರಿದು ನೋಡಿದವಳಿಗೆ ಇನ್ನೊಂದು ಬಗೆಯ ಭಯ ಹುಟ್ಟಿತು. ಚಿತ್ರ ಕೆಟ್ಟಿರಲಿಲ್ಲ. ಬೆಟ್ಟದ ಹಿಂದೆ ಮುಳುಗುವ ಸೂರ್ಯ, ಅದರ ಕಡೆಗೆ ಮುಖ ಎತ್ತಿ ನಿಂತ ಬಿಳಿ ಕುದುರೆ, ಅದರ ಹಣೆಯ ಮೇಲೆ ಕಂಡೂ ಕಾಣದಂತೆ ಬಂಗಾರದ ಬಿಸಿಲು. ಕಲಾವಿದನೇ ಮರೆತದ್ದನ್ನು ಯಾರೋ ನೆನಪಿಸಿಕೊಟ್ಟ ಹಾಗಿತ್ತು.

“ಏನ್ ಚಂದ ಆಗೈತಿ!” ಎಂದ ನಿತೀಶ. “ನೀ ಸುಮ್ನಿದ್ದುಬಿಡು. ರೋಸ್‌ಮೇರಿಗೇನು ಗೊತ್ತಾಗತೈತಿ? ಮೊದಲ ಕುದರಿ ಹಣಿನಽ ಕಾಣ್ತಿದ್ದಿಲ್ಲ.”

“ಮ್ಯೂಸಿಯಂನಾವ್ರಿಗೆ?”

“ಅವ್ರೂ ಮೊದಲ ನೋಡಿಲ್ಲಲ್ಲ. ಕೊಳಿ ಅಡಿಗೆ ಇತ್ತು ಅನ್ನು, ಮುಗೀತು.”

ಅವನು ಹೇಳಿದ್ದು ನಿಜ. ಅದೇ ಕಷ್ಟ. ಅಂಕಿತಾ ಬಣ್ಣದ ಪೆಟ್ಟಿಗೆ ತೆಗೆದಳು. ಬಿಳಿ ಬಣ್ಣವನ್ನು ತಟ್ಟೆಗೆ ಹಿಂಡಿದಳು. ಒಂದೇ ಒಂದು ಚುಕ್ಕೆ ಇಟ್ಟರೆ ಹಳದಿಯೂ ಇಲ್ಲ, ಪ್ರಶ್ನೆಯೂ ಇಲ್ಲ. ಕಸುಬು ಕಲಿಸಿದವರು ಮೊದಲ ದಿನವೇ ಹೇಳಿಕೊಟ್ಟ ಮಾತು ಕಿವಿಯಲ್ಲಿ ಗುಂಯ್ಗುಟ್ಟಿತು. ಬಣ್ಣ ಉದುರಿದಲ್ಲಿ ಹೊಸ ಬಣ್ಣ ತುಂಬು, ಆದರೆ ನೀನು ಮಾಡಿದ ತಪ್ಪನ್ನು ಬಣ್ಣದಿಂದ ಎಂದೂ ಹೂಳಬೇಡ. ಕುಂಚ ಕೈಯಲ್ಲೇ ಇತ್ತು. ಅಷ್ಟರಲ್ಲಿ ಮನೆಯ ಬೆಲ್ ಹೊಡೆಯಿತು.

ಊಟದ ನಂತರ ಬರಬೇಕಾದ ರೋಸ್‌ಮೇರಿ ಊಟಕ್ಕೆ ಮೊದಲೇ ಬಂದಿದ್ದಳು. “ತಡೆಯಲಾಗಲಿಲ್ಲ, ಕ್ಷಮಿಸು” ಎನ್ನುತ್ತ, ಎಪ್ಪತ್ತು ದಾಟಿದ ಆ ಎತ್ತರದ ಹೆಂಗಸು ಕೋಟು ಕೂಡ ತೆಗೆಯದೆ ಹಿತ್ತಲಿಗೆ ನಡೆದಳು. ನಿತೀಶ ಅವಳ ಹಿಂದೆ ಬಂದ. ಗುರುದೇವಿ ಅಡುಗೆಮನೆಗೆ ಸರಿದಳು. ಅಂಕಿತಾ ಕುಂಚವನ್ನು ನೀರಿಗೆ ಹಾಕಿ, ಬಿಳಿ ಬಣ್ಣದ ತಟ್ಟೆಯ ಮೇಲೆ ಒರೆಸುವ ಬಟ್ಟೆ ಎಳೆದಳು. ಕಳ್ಳನ ಮನಸ್ಸು ಹುಳ್ಳುಳ್ಳಗೆ.

ರೋಸ್‌ಮೇರಿ ಚಿತ್ರದ ಮುಂದೆ ನಿಂತಳು. ಹಿಮದ ತುದಿಗಳನ್ನು ನೋಡಿದಳು. ಕಣಿವೆಯ ನದಿ ನೋಡಿದಳು. ನಾಯಿಯನ್ನು ಕಂಡು “ಓ!” ಎಂದು ಚಿಕ್ಕ ಹುಡುಗಿಯ ಹಾಗೆ ಬಾಯಿಗೆ ಕೈ ಇಟ್ಟುಕೊಂಡಳು. “ಅಪ್ಪ ಸಾಯುವ ತನಕ ಈ ಚಿತ್ರದ ಕೆಳಗೇ ಕೂತು ಪೇಪರ್ ಓದಿದ. ಅವನಿಗೆ ನಾಯಿಯಿದೆ ಅಂತ ಗೊತ್ತೇ ಇರಲಿಲ್ಲ” ಎಂದಳು. ಆಮೇಲೆ ಕುದುರೆಗೆ ಬಂದಳು. ಕನ್ನಡಕ ಹಾಕಿಕೊಂಡು ಬಗ್ಗಿದಳು.

“ಈ ಬೆಳಕು ನೋಡು! ಕುದುರೆಯ ಹಣೆಯ ಮೇಲಿನ ಬೆಳಕು. ಇಡೀ ಚಿತ್ರದಲ್ಲಿ ನನಗೆ ಇದೇ ಎಲ್ಲಕ್ಕಿಂತ ಇಷ್ಟವಾಯಿತು.” ಅವಳ ಕಣ್ಣಲ್ಲಿ ನೀರಿತ್ತು. “ಇದು ಇಷ್ಟು ವರ್ಷ ಆ ಕೊಳೆಯ ಅಡಿಗೇ ಇತ್ತಾ?”

ನೇರವಾದ ಪ್ರಶ್ನೆ. ಹೂಂ ಎಂದರೆ ಒಂದಕ್ಷರದಲ್ಲಿ ಎಲ್ಲ ಉಳಿಯುತ್ತದೆ. ಅಂಕಿತಾ ಬಟ್ಟೆ ಮುಚ್ಚಿದ ತಟ್ಟೆಯ ಕಡೆ ನೋಡಿದಳು.

“ಕೊಳೆಯ ಅಡಿಯಿಂದ ಏನೇನು ಬರುತ್ತೋ ಹೇಳಲಾಗದು” ಎಂದುಬಿಟ್ಟ ನಿತೀಶ ಬಾಗಿಲಿನಿಂದ, ತನ್ನ ಆಫೀಸಿನ ಇಂಗ್ಲಿಷಿನಲ್ಲಿ, ನಗುತ್ತ. ರೋಸ್‌ಮೇರಿಯೂ ನಕ್ಕಳು.

ಆಗ ಗುರುದೇವಿ ಟ್ರೇ ಹಿಡಿದು ಒಳಗೆ ಬಂದಳು. ಚಹಾದ ಕಪ್ಪುಗಳು, ಬಟ್ಟಲಲ್ಲಿ ಹುಗ್ಗಿ. ಟ್ರೇಯನ್ನು ಕಿಟಕಿಯ ಹಲಗೆಯ ಮೇಲಿಟ್ಟು, ಬೆಳಗಿನ ತಣ್ಣಗಾದ ಕಪ್ಪನ್ನು ಬದಿಗೆ ಸರಿಸಿ, ಒಂದು ಕಪ್ಪನ್ನು ಸೊಸೆಯ ಕೈಗೆ ಕೊಟ್ಟಳು. ಏನು ಮಾಡಬೇಕೆಂದು ತಿಳಿಯದೆ ಅಂಕಿತಾ ಒಂದು ಗುಟುಕು ಕುಡಿದು ಕೆಳಗಿಟ್ಟಳು. ಗುರುದೇವಿ ಸೆರಗು ಹೊದ್ದು ರೋಸ್‌ಮೇರಿಯ ಎದುರು ನಿಂತಳು. ಕುದುರೆಯ ಹಣೆ ತೋರಿಸಿ, ತನ್ನ ಎದೆ ಮುಟ್ಟಿಕೊಂಡು, “ಮೀ” ಎಂದಳು.

ರೋಸ್‌ಮೇರಿ ಅಂಕಿತಾಳ ಮುಖ ನೋಡಿದಳು.

“ಹೇಳು ಆಕಿಗೆ” ಎಂದಳು ಗುರುದೇವಿ. ಗದ್ದ ಮೇಲೆತ್ತಿದ್ದಳು. “ಈ ಅರಿಷಿಣ ಹಚ್ಚಿದಾಕಿ ನಾನು ಅಂತ ಹೇಳು. ನನ್ನ ಸೊಸಿ ಬಾಗಲಾ ಹಾಕ್ಕೊಂಡು ಹೋಗಿದ್ಲು, ನಾನಽ ಕಳ್ಳಿ ಹಂಗ ಒಳಗ ಬಂದೆ ಅಂತ ಹೇಳು. ಆಕಿ ನನಗ ಏನೂ ಅಂದಿದ್ದಿಲ್ಲ. ಈ ಮುದಕಿಗೆ ಬುದ್ಧಿ ಇಲ್ಲ, ಹುಚ್ಚ ಹಿಡದೈತಿ ಅಂತ ಹೇಳು. ಹೇಳಲೇ, ಯಾಕ ನಿಂತಿ?”

“ಯವ್ವಾ, ಸುಮ್ನಿರು!” ಎಂದ ನಿತೀಶ.

“ನೀ ಸುಮ್ನಿರು. ಬಾಯಾಗ ಸುಳ್ಳ ಇಟ್ಕೊಂಡು ನಗತಿ.”

ಅಂಕಿತಾ ಅತ್ತೆಯನ್ನೇ ನೋಡಿದಳು. ಬೆಳಿಗ್ಗೆ ಅಡುಗೆಮನೆಯಲ್ಲಿ ‘ಕರದಾಕಿ ಯಾರು, ನಾನಾ?’ ಎಂದು ಗುದ್ದಾಡಿದ ಹೆಂಗಸು ಇವಳೇನಾ? ಹೇಳಬೇಕಾದ ಒಂದೇ ಒಂದು ಮಾತು, ತನ್ನನ್ನು ತಾನು ಕಾಪಾಡಿಕೊಳ್ಳುವ ಆ ಮಾತು, ಅದನ್ನೇ ನುಂಗಿ ಹುಚ್ಚಿಯ ಪಟ್ಟವನ್ನು ತಾನೇ ಕಟ್ಟಿಕೊಳ್ಳುತ್ತಿದ್ದಾಳೆ. ಅದನ್ನು ಇಂಗ್ಲಿಷಿಗೆ ತಿರುಗಿಸಿ ಕೊಟ್ಟರೆ ಸಾಕು. ತಪ್ಪು ಮುದುಕಿಯದು, ಸೊಸೆ ಪಾಪ ಏನು ಮಾಡಿಯಾಳು ಎಂದು ರೋಸ್‌ಮೇರಿಯೇ ಮರುಗುತ್ತಾಳೆ. ಹೆಸರು ಉಳಿದರೂ ಉಳಿದೀತು.

“ಅದು ಕೊಳೆಯ ಅಡಿಯಲ್ಲಿ ಇರಲಿಲ್ಲ” ಎಂದಳು ಅಂಕಿತಾ ಇಂಗ್ಲಿಷಿನಲ್ಲಿ. “ಅದು ಅರಿಶಿನ. ಇವತ್ತು ಬೆಳಿಗ್ಗೆ ಬಂದದ್ದು. ನನ್ನ ಗಂಡ ಹೇಳಿದ್ದು ಸುಳ್ಳು.” ಒಮ್ಮೆ ಬಾಯಿ ತೆರೆದ ಮೇಲೆ ಮಾತು ತಾನಾಗಿ ಬಂತು. “ಹಚ್ಚಿದ್ದು ಇವರು, ಆದರೆ ಹಚ್ಚುವಂತೆ ಮಾಡಿದ್ದು ನಾನು. ಬಿಳಿ ಕುದುರೆ, ನಾಯಿ, ಗುಡ್ಡ. ಇವರ ದೇವರು ಇರುವುದೇ ಹಾಗೆ. ನಿಮ್ಮ ದೇವರು ಬಂದಿದ್ದಾನೆ ನೋಡಿ ಅಂತ ನಾನೇ ಕರೆದು ತೋರಿಸಿದೆ. ತಮಾಷೆಗೆ. ಆಮೇಲೆ ಇವರ ಕಣ್ಣೆದುರಿಗೇ ಆ ದೇವರ ಮುಖವನ್ನು ಉಗುಳಿನಿಂದ ಒರೆಸಿದೆ. ಇವರು ತಮಗೆ ಗೊತ್ತಿದ್ದ ರೀತಿಯಲ್ಲಿ ಅದನ್ನು ತೊಳೆದರು. ಬಾಗಿಲಿಗೆ ನಾನು ಬೀಗವನ್ನೂ ಹಾಕಿರಲಿಲ್ಲ.”

ರೋಸ್‌ಮೇರಿ ಕನ್ನಡಕ ತೆಗೆದಳು. ಮತ್ತೊಮ್ಮೆ ಕುದುರೆಯನ್ನು ನೋಡಿದಳು. “ಅಂದರೆ ಈ ಬೆಳಕು ಚಿತ್ರದ್ದಲ್ಲ” ಎಂದಳು. ಅವಳ ಮುಖದ ಖುಷಿ ಆರಿದ್ದನ್ನು ನೋಡುವುದು ಅಂಕಿತಾಳಿಗೆ ಬೈಗುಳಕ್ಕಿಂತ ಕಷ್ಟವಾಯಿತು.

“ಅಲ್ಲ.”

“ಹೋಗುತ್ತಾ?”

“ತೆಗೆಯುವಷ್ಟು ತೆಗೆದಿದ್ದೇನೆ. ಇನ್ನು ಮುಟ್ಟಿದರೆ ಕಲಾವಿದನ ಬಣ್ಣ ಬರುತ್ತದೆ. ಅರಿಶಿನ ಬೆಳಕಿಗೆ ನಿಲ್ಲುವುದಿಲ್ಲ, ಬರಬರುತ್ತ ಮಾಸುತ್ತದೆ. ಪೂರ್ತಿ ಮಾಸುತ್ತದೆಂದು ಆಣೆ ಮಾಡಲಾರೆ.”

ರೋಸ್‌ಮೇರಿ ಫೋನ್ ತೆಗೆದು ಹಿತ್ತಲಿನ ಹುಲ್ಲಿನ ಮೇಲೆ ಹೋಗಿ ನಿಂತಳು. ಗಾಜಿನ ಆಚೆ ಅವಳ ತುಟಿ ಆಡುವುದು ಕಾಣುತ್ತಿತ್ತು, ಮಾತು ಕೇಳುತ್ತಿರಲಿಲ್ಲ. ಒಳಗೆ ಮೂವರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಹುಗ್ಗಿ ಬಟ್ಟಲಲ್ಲೇ ಗಟ್ಟಿಯಾಯಿತು. ಹೊರಗೆ ರೋಸ್‌ಮೇರಿ ಒಂದು ಸಲ ತಲೆ ಅಲ್ಲಾಡಿಸಿದಳು, ಒಂದು ಸಲ ಗ್ಯಾರೇಜಿನ ಕಡೆ ತಿರುಗಿ ನೋಡಿದಳು. ಮರಳಿ ಬಂದಾಗ ಕೋಟಿನ ಗುಂಡಿಗಳನ್ನು ಹಾಕಿಕೊಂಡಿದ್ದಳು.

“ಮ್ಯೂಸಿಯಂನವರು ನಾಳೆ ವ್ಯಾನ್ ಕಳಿಸುತ್ತಾರೆ. ಉಳಿದ ಕೆಲಸ ಅವರ ಕಡೆಯವರೇ ಮಾಡುತ್ತಾರಂತೆ. ಅವರ ಚಿತ್ರಗಳ ವಿಷಯ...” ಅಷ್ಟಕ್ಕೇ ನಿಲ್ಲಿಸಿ, “ಅದು ಇನ್ನು ಆಗುವುದಿಲ್ಲ, ಅಂಕಿತಾ” ಎಂದಳು.

“ಗೊತ್ತು.”

“ನಿನ್ನ ಮೇಲೆ ಸಿಟ್ಟಿಲ್ಲ ಅಂತ ಹೇಳಲಾರೆ. ಸಿಟ್ಟಿದೆ. ನೀನು ಹೇಳದಿದ್ದರೆ ನನಗೆ ಗೊತ್ತೇ ಆಗುತ್ತಿರಲಿಲ್ಲ, ಅಲ್ಲವಾ?”

“ಆಗುತ್ತಿರಲಿಲ್ಲ.”

ರೋಸ್‌ಮೇರಿ ಬಾಗಿಲಿಗೆ ಹೋಗಿ ನಿಂತಳು. “ನಾಯಿಯನ್ನು ಹುಡುಕಿದವಳು ನೀನು ಅಂತ ಅವರಿಗೆ ಹೇಳಿದ್ದೇನೆ.” ಗುರುದೇವಿಯ ಕಡೆ ನೋಡಿ ತಲೆಯಾಡಿಸಿ ಹೋದಳು. ಕಾರು ಹೊರಟ ಸದ್ದು ಕೇಳಿತು.

“ಹೇಳಬೇಕಾಗಿತ್ತೇನು?” ಎಂದು ನಿತೀಶ ಹಣೆ ಚಚ್ಚಿಕೊಂಡ. “ಚಳಿಗಾಲೆಲ್ಲಾ ದುಡದಿ. ಒಂದು ಹೂಂ ಅನ್ನಲಿಕ್ಕ ಆಗಲಿಲ್ಲ!” ಮನೆಯೊಳಗೆ ಹೋಗಿ ಬಾಗಿಲು ಬಡಿದುಕೊಂಡ.

ಅಂಕಿತಾ ಬಟ್ಟೆ ಸರಿಸಿ ತಟ್ಟೆಯ ಮೇಲಿನ ಬಿಳಿ ಬಣ್ಣವನ್ನು ಕಾಗದದಿಂದ ಒರೆಸಿ ತೊಟ್ಟಿಗೆ ಹಾಕಿದಳು. ಆಮೇಲೆ ಸ್ಟೂಲಿನ ಮೇಲೆ ಕೂತಳು. ಅಳಬಾರದೆಂದುಕೊಂಡಷ್ಟೂ ಅಳು ಬಂತು.

“ಆಕಿಗೆ ಏನಂದಿ?” ಎಂದಳು ಗುರುದೇವಿ.

“ನೀವು ಹೇಳಂದದ್ದನ್ನಽ ಹೇಳಿದೆ.”

“ಸುಳ್ಳ. ನಾ ‘ಗಾಡ್’ ಅಂದಿದ್ದಿಲ್ಲ. ‘ಜೋಕ್’ ಅಂದಿದ್ದಿಲ್ಲ. ನೀ ‘ಐ, ಐ’ ಅಂತ ಎಷ್ಟ ಸಲ ಅಂದಿ, ನಾನೂ ಕೇಳೀನಿ. ಈ ಊರಿಗೆ ಬಂದು ಇಷ್ಟ ವರ್ಷ ಆತು, ಅಷ್ಟು ಇಂಗ್ಲಿಷ್ ನನಗೂ ಬರ್ತೈತಿ.”

ಅಂಕಿತಾ ಮೂಗು ಒರೆಸಿಕೊಂಡಳು. “ಮತ್ತ ನೀವ್ಯಾಕ ಸುಳ್ಳ ಹೇಳಿದ್ರಿ?”

ಗುರುದೇವಿ ಬಣ್ಣದ ಡಬ್ಬಿಗಳನ್ನು ದೂರ ತಳ್ಳಿ, ಮೊಣಕಾಲು ಹಿಡಿದುಕೊಂಡು, ಸೊಸೆಯ ಎದುರಿಗೆ ಮರದ ಪೆಟ್ಟಿಗೆಯ ಮೇಲೆ ಕೂತಳು. “ಹೆಸರ ಹೋತಲ್ಲವಾ ನಿಂದು” ಎಂದಳು.

“ಹೋತ್ರಿ.”

ಹೊರಗೆ ಮೋಡ ಹಾಗೇ ಇತ್ತು. ಗುರುದೇವಿ ಕಿಟಕಿಯ ಹಲಗೆಗೆ ಕೈ ಚಾಚಿದಳು. ಟ್ರೇಯಲ್ಲಿ ಯಾರೂ ಮುಟ್ಟದ ಎರಡು ಕಪ್ಪು ತುಂಬಿ ಕೂತಿದ್ದವು. ಅವಳು ಅವನ್ನು ತೆಗೆದುಕೊಳ್ಳಲಿಲ್ಲ. ಅಂಕಿತಾ ಒಂದು ಗುಟುಕು ಕುಡಿದು ಇಟ್ಟಿದ್ದ ಕಪ್ಪನ್ನು, ಅಂಚಿನಲ್ಲಿ ತುಟಿಯ ಗುರುತು ಇದ್ದ ಕಪ್ಪನ್ನು ತೆಗೆದುಕೊಂಡಳು.

“ಅತ್ತೀ, ಅದು ನಂದು. ಎಂಜಲಾ...”

ಗುರುದೇವಿ ಕಪ್ಪನ್ನು ಎತ್ತಿ ಹಿಡಿಯಲಿಲ್ಲ, ಮೇಲಿನಿಂದ ಸುರಿದುಕೊಳ್ಳಲಿಲ್ಲ. ತುಟಿಗೆ ತಾಗಿಸಿ ಕುಡಿದಳು. ಮುಖ ಸಿಂಡರಿಸಿದಳು.

“ಸಕ್ರಿ ಕಡಿಮಿ ಆಗೈತಿ” ಎಂದು ಹೇಳಿ, ಉಳಿದದ್ದನ್ನೂ ಕುಡಿದಳು.